ಚೇತರಿಸಿಕೊಂಡದ್ದಕ್ಕೆ ಒಂದು ವಾಕ್ಯ

ಮೇ 6

ಪುಟ್ಟೀ,

ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿ ನಾನು ಊರಿಗೆ ಬಂದು ಇವತ್ತಿಗೆ ಎಂಟು ದಿನ. ಕ್ಷೇಮವಾಗಿ ತಲುಪಿದೆ ಎಂಬ ಒಂದು ಸಾಲು ಬರೆಯಲು ಎಂಟು ದಿನ ಬೇಕಾಯಿತೇ ಎಂದು ಬೈಯಬೇಡ. ರಜೆ ಮುಗಿದಿತ್ತು, ಮೇಜಿನ ಮೇಲೆ ಕೆಲಸ ರಾಶಿ ಬಿದ್ದಿತ್ತು.

ಈ ಕಾಗದದಲ್ಲಿ ಸ್ವಲ್ಪ ಸ್ವಾರ್ಥವೂ ಇದೆ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟು ಈಗ ‘ಆರ್’ ಅಕ್ಷರಕ್ಕೆ ಬಂದು ನಿಂತಿದೆ. ನನ್ನ ಪಾಲಿಗೆ ಬಂದ ಪದಗಳಲ್ಲಿ ಒಂದು ‘ರಿಕೂಪರೇಟ್’. ಪೆಟ್ಟು ತಿಂದವರು, ಕಾಯಿಲೆ ಬಿದ್ದವರು ದಿನದಿನಕ್ಕೆ ಬಲ ಬಂದು ಎದ್ದು ಓಡಾಡುವಂತಾಗುವುದು. ಅರ್ಥ ಬರೆಯುವುದು ಹತ್ತು ನಿಮಿಷದ ಕೆಲಸ, ತಲೆನೋವಿರುವುದು ಉದಾಹರಣೆಯಲ್ಲಿ. ನಮ್ಮ ಸಂಪಾದಕಿಯನ್ನು ಕಚೇರಿಯಲ್ಲಿ ಎಲ್ಲರೂ ಭೂತಗನ್ನಡಿ ಎನ್ನುತ್ತೇವೆ, ಅದು ಅವರಿಗೂ ಗೊತ್ತು. ಅವರದೊಂದು ಕಟ್ಟುನಿಟ್ಟು: ಉದಾಹರಣೆ ವಾಕ್ಯವನ್ನು ನಾವು ಕೂತಲ್ಲೇ ಹೆಣೆಯುವಂತಿಲ್ಲ. ಯಾರಾದರೂ ನಿಜವಾಗಿ ಬರೆದಿರಬೇಕು. ಬರೆದವರು ಯಾರು, ಯಾವ ದಿನ ಎಂಬುದು ಆ ವಾಕ್ಯಕ್ಕೆಂದು ಮಾಡುವ ಕಾರ್ಡಿನಲ್ಲಿ ಇರಬೇಕು. ಫೋನಿನಲ್ಲಿ ಹೇಳಿದ್ದು ಸಲ್ಲುವುದಿಲ್ಲ.

ಕಾಲು ಮುರಿದುಕೊಂಡು ಮಲಗಿದವಳಿಗಿಂತ ಒಳ್ಳೆಯ ಮೂಲ ನನಗೆ ಎಲ್ಲಿ ಸಿಗಬೇಕು? ಆದ್ದರಿಂದ ಫೋನು ಬೇಡ, ಬರೆದು ಕಳಿಸು. ಹೇಗಿದ್ದೀಯ, ನೋಡಲು ಬಂದವರು ಏನೆಂದು ಕೇಳುತ್ತಾರೆ, ನೀನು ಏನೆಂದು ಹೇಳುತ್ತೀಯ, ಎಲ್ಲವನ್ನೂ ಬಾಯಲ್ಲಿ ಬಂದ ಹಾಗೆಯೇ ಬರೆ.

ಶಾಲೆಯ ಗೋಡೆಬರಹದ ಕೆಲಸ ಆಗಸ್ಟಿಗೆ ಎಂದಿದ್ದೆಯಲ್ಲ. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರೆ ಬೇಕಾದಷ್ಟು ಸಮಯವಿದೆ. ಧೈರ್ಯವಾಗಿರು.

ನಿನ್ನ ಅಣ್ಣ

ಮೇ 14

ಅಣ್ಣನಿಗೆ,

ಕಾಲು ಮುರಿದ ತಂಗಿಯನ್ನು ಕಾರ್ಡಿಗೆ ಹಾಕಿಕೊಳ್ಳುವವನು ನೀನೊಬ್ಬನೇ ಇರಬೇಕು. ಆಗಲಿ ಪಂಡಿತರೇ, ಬರೆದುಕೊಳ್ಳಿ.

ಬೆಳಿಗ್ಗೆ ಎದುರು ಮನೆಯ ಟೈಲರಮ್ಮ ಬಾಗಿಲಲ್ಲೇ ನಿಂತು ಕೇಳುತ್ತಾರೆ, “ಏನಮ್ಮಾ, ಇವತ್ತು ಪರವಾಗಿಲ್ವಾ?” ನಾನು “ಪರವಾಗಿಲ್ಲ” ಎನ್ನುತ್ತೇನೆ. ಅವರು ಕಾಫಿ ಲೋಟ ಇಟ್ಟು ಹೋಗುತ್ತಾರೆ. ಮಧ್ಯಾಹ್ನ ನಮ್ಮ ಅಂಗಡಿಯ ಪಾಲುದಾರ ಬ್ರಷ್ ಮಾಮ ಬರುತ್ತಾರೆ. ಅವರಿಗೆ ಅಷ್ಟು ನಯವಿಲ್ಲ. “ಕೂಡ್ಕೊಂತಾ?” ಎನ್ನುತ್ತಾರೆ, ಮೂಳೆಗೂ ನನಗೂ ಜಗಳವಾಗಿದೆಯೇನೋ ಎಂಬಂತೆ. “ಇನ್ನೂ ಇಲ್ಲ ಮಾಮ” ಎಂದರೆ “ಹಾಗಾದ್ರೆ ಆ ಬೇಕರಿ ಬೋರ್ಡು ನಾನೇ ಬರೀಲಾ?” ಎನ್ನುತ್ತಾರೆ. ಅವರ ಅಕ್ಷರ ಹೇಗಿರುತ್ತದೆಂದು ನಿನಗೆ ಗೊತ್ತಲ್ಲ, ಎಲ್ಲ ಅಕ್ಷರವೂ ಊಟ ಮಾಡಿ ಮಲಗಿದ ಹಾಗೆ.

ಮಲಗಿ ಮಲಗಿ ನಾನೂ ಸ್ವಲ್ಪ ಪಂಡಿತಳಾಗಿದ್ದೇನೆ. ಗಾಯ ಮಾಯುತ್ತದೆ. ಊತ ಇಳಿಯುತ್ತದೆ. ಜ್ವರ ಬಿಡುತ್ತದೆ. ಮೂಳೆ ಕೂಡಿಕೊಳ್ಳುತ್ತದೆ. ಒಂದೊಂದಕ್ಕೂ ಅದರದೇ ಕೆಲಸವಿದೆ, ಅವೆಲ್ಲ ಅವುಗಳ ಪಾಡಿಗೆ ಮಾಡುತ್ತಿವೆ. ನನಗೆ ಮಾತ್ರ ಯಾವ ಕೆಲಸವೂ ಇಲ್ಲ, ಬಿದ್ದುಕೊಂಡಿದ್ದೇನೆ. ಇದನ್ನು ನಿನ್ನ ಭೂತಗನ್ನಡಿಗೆ ತೋರಿಸು.

ಗೋಡೆಯ ಚಿಂತೆ ಇದೆ. ಇನ್ನೂರು ಅಡಿ ಉದ್ದ, ಮೂರು ಸಾಲು ಬರಹ. ಈ ಊರಿನಲ್ಲಿ ಅಷ್ಟು ದೊಡ್ಡ ಕೆಲಸ ಕೈಬರಹದವರಿಗೆ ಸಿಕ್ಕಿ ಹತ್ತು ವರ್ಷವಾಯಿತು. ಎಲ್ಲರೂ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆಗೆ ಹೋಗಿದ್ದಾರೆ. ಹೆಡ್‌ಮಾಸ್ಟರರ ಹಿಂದೆ ಒಂದೂವರೆ ವರ್ಷ ಸುತ್ತಿ ಹಿಡಿದ ಕೆಲಸ ಇದು. ಹೋದರೆ ಅಂಗಡಿಯೂ ಹೋದಂತೆಯೇ.

ತಂಗಿ

ಮೇ 23

ಪುಟ್ಟೀ,

ನಿನ್ನ ಕಾಗದ ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕರು. ಭೂತಗನ್ನಡಿಯವರು ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿಕೊಂಡು ಎರಡನೆಯ ಸಲ ಓದಿದರು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆರು ಕಾರ್ಡು ಆಯಿತು.

ನೀನು ಹೇಳಿದ್ದು ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲೂ ಗಾಯಕ್ಕೆ, ಮೂಳೆಗೆ ‘ಹೀಲ್’ ಎನ್ನುತ್ತಾರೆ. ರಿಕೂಪರೇಟ್ ಆಗುವುದು ಗಾಯವಲ್ಲ, ಗಾಯವಾದ ಮನುಷ್ಯ. ಆಪರೇಷನ್ ಆದವರು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತ, ಕಳೆದುಹೋದ ಶಕ್ತಿಯನ್ನು ಮೆಲ್ಲಗೆ ಮರಳಿ ಪಡೆಯುತ್ತಿರುತ್ತಾರಲ್ಲ, ಅದು. ಡಾಕ್ಟರು ಮಾಡುವಂಥದ್ದಲ್ಲ, ಒಂದು ದಿನದಲ್ಲಿ ಮುಗಿಯುವಂಥದ್ದೂ ಅಲ್ಲ. ಕನ್ನಡದಲ್ಲಿ ನಾನು ‘ಚೇತರಿಸಿಕೊಳ್ಳು’ ಎಂದಿಟ್ಟಿದ್ದೇನೆ. ಪಕ್ಕದ ಮೇಜಿನವರು ‘ಸುಧಾರಿಸಿಕೊಳ್ಳು’ ಸಾಕು ಎನ್ನುತ್ತಾರೆ. ಅದು ಮೆಟ್ಟಿಲು ಹತ್ತಿ ಏದುಸಿರು ಬಿಡುವವರು ಎರಡು ನಿಮಿಷ ನಿಲ್ಲುವುದಕ್ಕೆ ಸಾಕು, ಮುರಿದ ಕಾಲಿಗೆ ಸಾಲದು ಎಂದು ವಾದಿಸಿ ಗೆದ್ದೆ.

ಈಗ ಬೇಕಿರುವುದು ಮುಗಿದದ್ದರ ಉದಾಹರಣೆ. ಚೇತರಿಸಿಕೊಳ್ಳುತ್ತಿರುವುದರ ಉದಾಹರಣೆ ಸಿಕ್ಕಿದೆ, ‘ಚೇತರಿಸಿಕೊಂಡೆ’ ಸಿಗಬೇಕು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮೊದಲ ದಿನವೇ ಬರೆ. ಅವಸರವೇನಿಲ್ಲ, ಸಂಪುಟ ಅಚ್ಚಿಗೆ ಹೋಗುವುದು ಜುಲೈ ಮೂವತ್ತಕ್ಕೆ. ಆದರೂ ಆದಷ್ಟು ಬೇಗ ಬರೆದರೆ ನನಗೂ ನೆಮ್ಮದಿ.

ಅಣ್ಣ

ಜೂನ್ 20

ಅಣ್ಣನಿಗೆ,

ತಡವಾಯಿತು. ಪ್ಲಾಸ್ಟರ್ ಬಿಚ್ಚಿದರು. ನಿನಗೆ ಬೇಕಾದ ವಾಕ್ಯ ತೆಗೆದುಕೋ: ಈಗ ನಾನು ಪೂರ್ತಿ ಚೇತರಿಸಿಕೊಂಡಿದ್ದೇನೆ.

ಇನ್ನೊಂದು ಬೇಕಿದ್ದರೆ: ನಿನ್ನೆ ಕೋಲು ಹಿಡಿದು ಮೆಟ್ಟಿಲಿಳಿದು ಅಂಗಡಿಯವರೆಗೆ ಹೋಗಿ ಬಂದೆ. ಸ್ವಲ್ಪ ನೋವಿತ್ತು, ಮಲಗಿದ ಮೇಲೆ ಕಡಿಮೆಯಾಯಿತು.

ಇಲ್ಲಿ ಸೆಕೆ. ಟೈಲರಮ್ಮ ತಮ್ಮ ಫ್ಯಾನು ತಂದು ಮಂಚದ ಪಕ್ಕ ಇಟ್ಟಿದ್ದಾರೆ. ಹಗಲು ಅದು ಓಡುವಾಗ ಅವರ ಹೊಲಿಗೆ ಯಂತ್ರದ ಸದ್ದು ಕೇಳುವುದಿಲ್ಲ, ಅದೊಂದು ಬೇಜಾರು. ಬ್ರಷ್ ಮಾಮ ಬೇಕರಿ ಬೋರ್ಡು ಬರೆದರಂತೆ. ಬೇಕರಿಯವರು ದುಡ್ಡು ಕೊಟ್ಟು ಬೆನ್ನು ತಿರುಗಿಸಿ ನಕ್ಕರಂತೆ. ಇದನ್ನು ಮಾಮನೇ ಹೇಳಿದರು, ಪಾಪ.

ಕಾಗದ ಚಿಕ್ಕದಾಯಿತು. ಟೈಲರಮ್ಮ ಪೋಸ್ಟಿಗೆ ಹೊರಟಿದ್ದಾರೆ, ಅವರ ಕೈಲೇ ಕೊಡುತ್ತಿದ್ದೇನೆ.

ತಂಗಿ

ಜೂನ್ 28

ಪುಟ್ಟೀ,

ಎಂಥ ಸುದ್ದಿ! ಓದಿದ ತಕ್ಷಣ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಕಾಫಿ ಕೊಡಿಸಿದೆ. ಈ ಎರಡು ತಿಂಗಳು ನಾನು ಹೇಗೆ ಕಳೆದೆನೆಂದು ನಿನಗೆ ಗೊತ್ತಿಲ್ಲ. ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು.

ಕಾರ್ಡು ಮಾಡಿದೆ. ‘ಪೂರ್ತಿ’ ಎಂಬ ಮಾತು ಚೇತರಿಕೆಯ ಜೊತೆ ಬರುತ್ತದೆ ಎಂಬುದಕ್ಕೂ ಸಾಕ್ಷಿ ಸಿಕ್ಕಿತು. ಪದದ ಟಿಪ್ಪಣಿ ಹೆಚ್ಚುಕಡಿಮೆ ಮುಗಿದ ಹಾಗೆಯೇ. ಅರ್ಥಕ್ಕೆ ‘ಪೆಟ್ಟಿನ ನಂತರ ಮೊದಲಿನಂತಾಗು’ ಎಂದು ಬರೆದಿದ್ದೇನೆ.

ಜುಲೈಯಲ್ಲಿ ಬರೋಣವೆಂದಿದ್ದೆ. ಆದರೆ ಅಚ್ಚಿನ ಕೆಲಸದಲ್ಲಿ ತಲೆ ಎತ್ತಲು ಪುರಸೊತ್ತಿಲ್ಲ. ನೀನೇ ಎದ್ದು ಓಡಾಡುತ್ತಿರುವಾಗ ನಾನು ಬಂದು ಮಾಡುವುದಾದರೂ ಏನು? ಆದರೂ ನಾನು ಬರಬೇಕು ಎಂದು ನಿನಗೆ ಅನ್ನಿಸಿದರೆ ಒಂದು ಮಾತು ಬರೆ.

ಅಣ್ಣ

ಜುಲೈ 5

ಅಣ್ಣನಿಗೆ,

ಬರಬೇಡ. ನಿನ್ನ ಕೆಲಸ ಮುಗಿಸಿಕೋ.

ನಾನು ಚೆನ್ನಾಗಿದ್ದೇನೆ. ನಾಳೆ ನಾಡಿದ್ದರಲ್ಲಿ ಬ್ರಷ್ ಮಾಮನ ಜೊತೆ ಶಾಲೆಯ ಗೋಡೆ ಅಳೆಯಲು ಹೋಗಬೇಕು. ನೂಲು ಹಿಡಿದು ಗೆರೆ ಹಾಕುವುದಕ್ಕೇ ಎರಡು ದಿನ ಬೇಕು.

ಬೇರೆ ವಿಶೇಷವಿಲ್ಲ. ನನ್ನ ಕೋಣೆಯ ತಾರಸಿಯಲ್ಲಿ ಹದಿಮೂರು ಬಿರುಕುಗಳಿವೆ. ಕಿಟಕಿ ಕಡೆಯದು ಮೊನ್ನೆಯಿಂದ ಒಂದು ಗೇಣು ಬೆಳೆದಿದೆ. ಬೆಳಿಗ್ಗೆ ಹನ್ನೊಂದಕ್ಕೆ ಬಿಸಿಲು ಕಿಟಕಿಗೆ ಬರುತ್ತದೆ, ಒಂದೂಕಾಲಿಗೆ ಹೋಗುತ್ತದೆ.

ತಂಗಿ

ಜುಲೈ 13

ಪುಟ್ಟೀ,

ಈ ಕಾಗದವನ್ನು ಪೂರ್ತಿ ಓದು. ಮಧ್ಯದಲ್ಲಿ ಮಡಿಸಿಡಬೇಡ.

ನಿನ್ನೆ ಭೂತಗನ್ನಡಿಯವರು ನನ್ನನ್ನು ಕರೆದರು. ಅಚ್ಚಿಗೆ ಹೋಗುವ ಮುಂಚೆ ಅವರು ಪ್ರತಿ ಪದದ ಕಾರ್ಡುಗಳನ್ನೂ ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡುತ್ತಾರೆ. ಜೊತೆಗೆ ಮೂಲ ಕಾಗದವನ್ನೂ ಇಡಬೇಕು. ನಿನ್ನ ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು, ಒಂದು ಗಳಿಗೆ ನೋಡಿ, “ಈಕೆ ನಡೆದಿಲ್ಲ ಕಣ್ರೀ” ಎಂದರು.

ನಾನು, “ಇಲ್ಲ ಮೇಡಂ, ಅಂಗಡಿವರೆಗೂ ಹೋಗಿ ಬಂದಿದಾಳೆ, ಬರೆದಿದಾಳಲ್ಲ” ಎಂದೆ.

“ಅಂಗಡಿಗೆ ಹೋಗಿ ಬಂದವರಿಗೆ ಬೇಕರಿ ಬೋರ್ಡು ಹೇಗಿದೆ ಅಂತ ಬೇರೆಯವರು ಹೇಳ್ಬೇಕಾ? ಪೋಸ್ಟ್ ಡಬ್ಬಿಗೆ ಕಾಗದ ಹಾಕೋಕೆ ಎದುರು ಮನೆಯವರು ಬೇಕಾ? ಹದಿಮೂರು ಬಿರುಕು ಎಣಿಸೋರು ನಿಂತ್ಕೊಂಡು ಎಣಿಸ್ತಾರಾ? ನೀವು ಪದ ಓದಿದೀರಿ. ಕಾಗದ ಓದಿಲ್ಲ.”

ಹದಿನಾಲ್ಕು ವರ್ಷದ ಕೆಲಸದಲ್ಲಿ ಇಷ್ಟು ನಾಚಿಕೆಯಾಗಿರಲಿಲ್ಲ. ಕೂಡಲೇ ಅಂಗಡಿಗೆ ಫೋನು ಮಾಡಿದೆ. ಬ್ರಷ್ ಮಾಮ ಎಲ್ಲ ಹೇಳಿದರು. ಮೂಳೆ ಕೂಡಿಲ್ಲ, ಮತ್ತೆ ಪ್ಲಾಸ್ಟರ್ ಹಾಕಿದ್ದಾರೆ. ಇಪ್ಪತ್ತೆರಡನೇ ತಾರೀಖು ಆಪರೇಷನ್ ಮಾಡಿ ಲೋಹದ ಪಟ್ಟಿ ಕೂರಿಸಬೇಕು. ಮನೆಯವರೊಬ್ಬರು ಸಹಿ ಹಾಕಬೇಕು, ಆಮೇಲೆ ಆರು ವಾರ ಜೊತೆಯಲ್ಲಿರಬೇಕು. ಈಗ ಬಿಟ್ಟರೆ ಕಾಲು ಹೀಗೆಯೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನೀನು ‘ಅಣ್ಣನಿಗೆ ಬರೋಕಾಗಲ್ಲ’ ಎಂದು ಹೇಳಿ ತಾರೀಖು ಮುಂದಕ್ಕೆ ಹಾಕಿಸಲು ನೋಡುತ್ತಿದ್ದೀಯಂತೆ. ನನ್ನ ಕೆಲಸ ಕೆಡಬಾರದೆಂದು ನೀನು ಇಷ್ಟೆಲ್ಲ ಮಾಡಿದೆಯಲ್ಲ.

ಇನ್ನೊಂದು ಮಾತನ್ನು ನಾನು ಮೇ ಆರರ ಕಾಗದದಲ್ಲೇ ಬರೆಯಬೇಕಿತ್ತು. ಎಂಟು ದಿನ ತಡವಾದದ್ದು ಅದಕ್ಕೇ. ಬರೆಯಲು ಕೂತು, ನಿಘಂಟಿನ ವಿಷಯ ಬರೆದು ಎದ್ದೆ.

ಅವತ್ತು ನೀನು ಔಷಧಿ ಅಂಗಡಿಯ ಬೋರ್ಡು ಬರೆಯುತ್ತಿದ್ದೆ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ನೆಲ ನುಣುಪಾಗಿದೆ, ಏಣಿ ಬಿಡಬೇಡ ಎಂದು ನೀನು ಹೇಳಿದ್ದೆ. ಎರಡನೆಯ ಸಾಲಿನ ಕೊನೆಯ ಅಕ್ಷರ ಸ್ವಲ್ಪ ವಾಲಿದೆಯೇನೋ ಎಂದು ನನಗೆ ಅನ್ನಿಸಿತು. ದೂರದಿಂದ ನೋಡೋಣವೆಂದು ಕೈಬಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದೆ. ಅಕ್ಷರ ನೆಟ್ಟಗೇ ಇತ್ತು. ಅಷ್ಟರಲ್ಲಿ ನೀನು ಕೆಳಗಿದ್ದೆ. ಆಸ್ಪತ್ರೆಯ ಅರ್ಜಿಯಲ್ಲಿ ಹೇಗಾಯಿತು ಎಂಬ ಖಾಲಿ ಜಾಗದಲ್ಲಿ ‘ಏಣಿ ಜಾರಿತು’ ಎಂದು ಬರೆದದ್ದು ನನ್ನ ಕೈ. ಜನ ಕೇಳಿದಾಗಲೂ ಅದನ್ನೇ ಹೇಳಿದೆ. ನೀನು ತಲೆ ಎತ್ತಿ ನನ್ನನ್ನು ನೋಡಿದೆ. ನಾನು ಕೈಬಿಟ್ಟದ್ದು ನಿನಗೆ ಗೊತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಈಗ ಗೊತ್ತಾಗಲಿ.

ಭೂತಗನ್ನಡಿಯವರಿಗೆ ರಜೆ ಕೇಳಿದೆ. “ಅಚ್ಚಿನವರು ಕಾಯ್ತಾರೆ, ಹೋಗಿ” ಎಂದರು. ಇಪ್ಪತ್ತನೇ ತಾರೀಖು ಬರುತ್ತೇನೆ. ಬೇಡವೆಂದರೂ ಬರುತ್ತೇನೆ.

ಅಣ್ಣ

ಜುಲೈ 16

ಅಣ್ಣನಿಗೆ,

ಕಾಗದ ಬಂತು. ಪೂರ್ತಿ ಓದಿದೆ.

ಕೀಲಿಕೈ ಟೈಲರಮ್ಮನ ಹತ್ತಿರ ಇರುತ್ತದೆ. ಮನೆಯಲ್ಲಿ ಇರುವುದು ಒಂದೇ ದಿಂಬು, ನಿನ್ನದು ತಂದುಕೋ. ಗ್ಯಾಸ್ ಮುಗಿಯುತ್ತಾ ಬಂದಿದೆ. ಸಹಿ ಹಾಕುವವರ ಗುರುತಿನ ಚೀಟಿಯ ನಕಲು ಎರಡು ಬೇಕಂತೆ.

ತಂಗಿ

ಸೆಪ್ಟೆಂಬರ್ 4

ಪುಟ್ಟೀ,

ನಿನ್ನೆ ಸಂಜೆ ತಲುಪಿದೆ. ಈ ಸಲ ಮಾರನೆಯ ದಿನವೇ ಬರೆಯುತ್ತಿದ್ದೇನೆ, ಗಮನಿಸು.

ವ್ಯಾಯಾಮ ಬಿಡಬೇಡ. ಗೋಡೆ ಹಿಡಿದು ಇಪ್ಪತ್ತು, ಕುರ್ಚಿ ಹಿಡಿದು ಇಪ್ಪತ್ತು. ನಾನಿಲ್ಲವೆಂದು ಹತ್ತಕ್ಕೆ ನಿಲ್ಲಿಸಿದರೆ ಟೈಲರಮ್ಮ ನನಗೆ ವರದಿ ಒಪ್ಪಿಸುತ್ತಾರೆ, ಹೇಳಿ ಬಂದಿದ್ದೇನೆ.

ಸಂಪುಟ ನನಗಾಗಿ ನಿಂತಿತ್ತು. ಇವತ್ತು ನಮ್ಮ ಪದ ಮುಗಿಯಿತು. ಭೂತಗನ್ನಡಿಯವರು ನಿನ್ನ ಜೂನಿನ ವಾಕ್ಯಗಳನ್ನು ತೆಗೆದುಹಾಕಿದರು. “ವಾಕ್ಯದಲ್ಲಿ ತಪ್ಪಿಲ್ಲ, ಆದ್ರೆ ಅದು ಚೇತರಿಕೆಗೆ ಉದಾಹರಣೆ ಅಲ್ಲ” ಎಂದರು. ನನ್ನ ‘ಮೊದಲಿನಂತಾಗು’ ಕೂಡ ಹೋಯಿತು. “ಬಲ ಮರಳಿ ಬರುತ್ತೆ, ಅಷ್ಟೇ. ಮೊದಲಿನ ಹಾಗೆ ಅಂತ ಯಾರು ಹೇಳಿದ್ರು ನಿಮಗೆ?” ಎಂದು ಕೇಳಿದರು. ಅದನ್ನು ಬರೆದಾಗ ನನಗೆ ಅದು ನಿಜವಾಗಬೇಕಿತ್ತು, ಅದಕ್ಕೇ ಬರೆದಿದ್ದೆ ಎಂದು ಅವರಿಗೆ ಹೇಳಲಿಲ್ಲ. ಈಗ ‘ಪೆಟ್ಟು ಅಥವಾ ಕಾಯಿಲೆಯ ನಂತರ ಕ್ರಮೇಣ ಶಕ್ತಿ ಮರಳಿ ಪಡೆ, ಚೇತರಿಸಿಕೊಳ್ಳು’ ಎಂದಿದೆ. ಉದಾಹರಣೆಗೆ ನಿನ್ನ ಮೇ ಹದಿನಾಲ್ಕರ ಕಾಗದದಲ್ಲಿ ‘ಗಾಯ ಮಾಯುತ್ತದೆ’ ಎಂಬಲ್ಲಿಂದ ‘ಬಿದ್ದುಕೊಂಡಿದ್ದೇನೆ’ ಎಂಬಲ್ಲಿಯವರೆಗಿನ ಸಾಲುಗಳು ಉಳಿದಿವೆ.

ಒಂದು ಕೇಳಬೇಕು. ಆರು ವಾರ ಒಂದೇ ಮನೆಯಲ್ಲಿದ್ದೆವು. ಆಸ್ಪತ್ರೆ, ಗಂಜಿ, ಬೆಡ್‌ಶೀಟು, ಗೋಡೆಯ ಕೆಲಸ, ಎಲ್ಲ ಮಾತಾಡಿದೆವು. ನನ್ನ ಜುಲೈ ಕಾಗದದ ಬಗ್ಗೆ ಮಾತ್ರ ನೀನು ಬಾಯಿ ಬಿಡಲಿಲ್ಲ. ನಾನೂ ಎತ್ತಲಿಲ್ಲ. ನಿನ್ನ ತಲೆದಿಂಬಿನ ಕೆಳಗೆ ಆ ಕಾಗದ ಇದ್ದದ್ದನ್ನು ಹಾಸಿಗೆ ಕೊಡವುವಾಗ ನೋಡಿದೆ. ಮತ್ತೆ ಅಲ್ಲೇ ಇಟ್ಟೆ.

ಅಣ್ಣ

ಸೆಪ್ಟೆಂಬರ್ 19

ಅಣ್ಣನಿಗೆ,

ಉತ್ತರ ಕೊಡಲಿಲ್ಲ, ನಿಜ. ನೀನು ಪಾತ್ರೆ ತೊಳೆಯುತ್ತ ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದೆ. ಬಾಯಿ ಬಿಟ್ಟರೆ ಎಲ್ಲಿ ತೊಳೆಯುವುದು ನಿಲ್ಲಿಸಿಬಿಡುತ್ತೀಯೋ ಎಂದು ಸುಮ್ಮನಿದ್ದೆ. ಇದು ತಮಾಷೆ. ನಿಜವೆಂದರೆ, ಎದುರಿಗೆ ಮಾತು ತೆಗೆದಿದ್ದರೆ ನೀನು ಅಳುತ್ತಿದ್ದೆ. ನಾನು ಸಮಾಧಾನ ಮಾಡಬೇಕಾಗುತ್ತಿತ್ತು. ಸಮಾಧಾನದ ಭರದಲ್ಲಿ ‘ನಿನ್ನ ತಪ್ಪೇನೂ ಇಲ್ಲ ಬಿಡು’ ಎಂದುಬಿಡುತ್ತಿದ್ದೆ. ಅದನ್ನು ಹೇಳಲು ನನಗೆ ಇಷ್ಟವಿರಲಿಲ್ಲ.

ತಪ್ಪು ನಿನ್ನದೇ. ಏಣಿ ಅಲುಗಿದಾಗ ನಾನು ಕೆಳಗೆ ನೋಡಿದೆ. ನೀನು ರಸ್ತೆಯ ಅಂಚಿನಲ್ಲಿ ನಿಂತು, ತಲೆ ಓರೆ ಮಾಡಿ ಅಕ್ಷರ ನೋಡುತ್ತಿದ್ದೆ. ಬಿಡಬೇಡ ಎಂದು ಎರಡು ಸಲ ಹೇಳಿದ್ದೆ. ಆಮೇಲೆ ಆಸ್ಪತ್ರೆಯಲ್ಲಿ ‘ಏಣಿ ಜಾರಿತು’ ಎಂದೆಯಲ್ಲ, ಅವತ್ತು ನನಗೆ ಕಾಲಿಗಿಂತ ಜಾಸ್ತಿ ನೋವಾದದ್ದು ಅದು. ಬಿದ್ದದ್ದು ಕೆಟ್ಟ ಗಳಿಗೆ ಎಂದುಕೊಳ್ಳಬಹುದು. ಅರ್ಜಿ ತುಂಬುವಾಗ ನಿನಗೆ ಬೇಕಾದಷ್ಟು ಸಮಯವಿತ್ತು.

ಇನ್ನೊಂದನ್ನೂ ನೀನು ತಪ್ಪು ತಿಳಿದುಕೊಂಡಿದ್ದೀಯ. ಭೂತಗನ್ನಡಿಯವರಿಗೂ ಅದು ಕಾಣಲಿಲ್ಲ. ನಿನ್ನ ಕೆಲಸ ಕೆಡಬಾರದೆಂದು ನಾನು ಸುಳ್ಳು ಬರೆಯಲಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ. ನಿನ್ನ ಮುಖ ನೋಡಲು ಮನಸ್ಸಿರಲಿಲ್ಲ, ಅದಕ್ಕೆ ಬರೆದೆ. ಚೆನ್ನಾಗಿದ್ದೇನೆ ಎಂದರೆ ನೀನು ಬರುವುದಿಲ್ಲವೆಂದು ಗೊತ್ತಿತ್ತು. ಮೂಳೆ ಕೂಡಿಲ್ಲ ಎಂದು ಡಾಕ್ಟರು ಹೇಳಿದ ದಿನ, ನೀನು ‘ಚೇತರಿಸಿಕೊಂಡೆ’ ಬೇಕು ಎಂದು ಕೇಳಿದ ಕಾಗದವನ್ನು ಇನ್ನೊಂದು ಸಲ ಓದಿ, ನಿನಗೆ ಬಾಯಿಗೆ ಬಂದ ಹಾಗೆ ಬೈದೆ. ನಾನು ಫೋನಿನಲ್ಲಿ ಯಾರ ಜೊತೆಯೋ ಜಗಳವಾಡುತ್ತಿದ್ದೇನೆ ಎಂದು ಟೈಲರಮ್ಮ ಅಂದುಕೊಂಡರು. ಕಾಲು ಹೋದರೂ ಸರಿ, ನಿನ್ನ ಸಹಿ ಬೇಡ ಎಂದು ತಾರೀಖು ಮುಂದಕ್ಕೆ ಹಾಕಿಸಲು ಹೊರಟಿದ್ದೆ. ಅಷ್ಟು ಸಿಟ್ಟಿತ್ತು.

ಜುಲೈ ಕಾಗದ ಬಂದಾಗ ಸಿಟ್ಟು ಹೋಗಲಿಲ್ಲ. ನೀನು ಬಂದ ಮೇಲೂ ಹೋಗಲಿಲ್ಲ. ನೀನು ದಿಂಬು ಕಂಕುಳಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ನಗು ಬಂತು, ಅದನ್ನೂ ತಡೆದುಕೊಂಡೆ. ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡದ್ದು ಪ್ರೀತಿಗಲ್ಲ. ‘ಕೈಬಿಟ್ಟು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದೆ’ ಎಂಬ ಸಾಲನ್ನು ದಿನಾ ಓದುತ್ತಿದ್ದೆ. ನೀನು ಅದನ್ನು ನಿನ್ನ ಕೈಯಲ್ಲಿ ಬರೆದಿದ್ದೀಯ ಎಂದು ನೋಡಿಕೊಳ್ಳುತ್ತಿದ್ದೆ. ಆಗಸ್ಟಿನಲ್ಲಿ ಯಾವತ್ತೋ ಓದುವುದು ಮರೆತುಹೋಗಿದೆ. ಯಾವ ದಿನ ಎಂದು ಕೇಳಿದರೆ ಹೇಳಲಾರೆ. ಒಂದು ಬೆಳಿಗ್ಗೆ ನೀನು ಗಂಜಿಗೆ ಉಪ್ಪು ಹಾಕುವುದು ಮರೆತಿದ್ದೆ. ನಾನು ಬೈದೆ, ನೀನು ಎದುರು ವಾದಿಸಿದೆ. ಆ ಬೈಗುಳದಲ್ಲಿ ಉಪ್ಪು ಬಿಟ್ಟು ಬೇರೇನೂ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕಾಲಿನ ಸಂಗತಿ ಹೀಗಿದೆ. ಮೂಳೆ ಕೂಡಿದೆ. ಅರ್ಧ ಇಂಚು ಗಿಡ್ಡವಾಗಿದೆ, ಚಪ್ಪಲಿಗೆ ಒಂದು ಅಟ್ಟೆ ಹೆಚ್ಚಿಗೆ ಹಾಕಿಸಿಕೊಂಡೆ. ಎತ್ತರಕ್ಕೆ ಹತ್ತಬಾರದು ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದಾರೆ, ಈ ವರ್ಷ ಅಂತಲ್ಲ, ಯಾವತ್ತೂ. ಅದನ್ನು ಕೇಳಿ ಒಂದು ದಿನ ಅತ್ತೆ. ಹೆಡ್‌ಮಾಸ್ಟರರು ಗೋಡೆಯನ್ನು ಅಕ್ಟೋಬರಿಗೆ ತಳ್ಳಿದ್ದಾರೆ. ಕೆಳಗಿನ ಎರಡು ಸಾಲು ನಿಂತುಕೊಂಡೇ ಬರೆಯಬಹುದು, ಅದು ನನ್ನದು. ಮೇಲಿನ ಸಾಲಿಗೆ ಬ್ರಷ್ ಮಾಮ ಹತ್ತುತ್ತಾರೆ. ನಾನು ಮೊದಲೇ ಅಕ್ಷರಗಳ ಆಕಾರವನ್ನು ಕಾಗದದಲ್ಲಿ ಕೊರೆದುಕೊಟ್ಟರೆ ಅವರ ಅಕ್ಷರಗಳೂ ಎದ್ದು ನಿಲ್ಲುತ್ತವೆ. ಮೊನ್ನೆ ಒಂದು ಸಾಲು ಪ್ರಯತ್ನಿಸಿದೆವು, ಪರವಾಗಿಲ್ಲ.

ಸಿಟ್ಟು ಪೂರ್ತಿ ಹೋಗಿದೆ ಎಂದು ಬರೆಯುವುದಿಲ್ಲ, ಜೂನಿನಲ್ಲಿ ಒಂದು ಸಲ ‘ಪೂರ್ತಿ’ ಬರೆದು ನೋಡಿಯಾಗಿದೆ. ಕಡಿಮೆಯಾಗಿದೆ. ಮಳೆ ಬರುವ ಮುಂಚೆ ಕಾಲು ಸೆಳೆಯುವಾಗ ನೀನು ನೆನಪಾಗುತ್ತೀಯ. ಆಗ ಬೈಯುತ್ತೇನೆ, ಆಮೇಲೆ ಎಣ್ಣೆ ಹಚ್ಚಿಕೊಳ್ಳುತ್ತೇನೆ.

ಮುಂದಿನ ತಿಂಗಳು ನಾಲ್ಕು ದಿನ ರಜೆ ಹಾಕು. ಸಹಿ ಹಾಕುವ ಕೆಲಸವಿಲ್ಲ, ಪಾತ್ರೆಗಳನ್ನು ನಾನೇ ತೊಳೆದುಕೊಳ್ಳುತ್ತಿದ್ದೇನೆ. ಗೋಡೆಯ ಹತ್ತಿರವೂ ನಿನಗೇನೂ ಕೆಲಸವಿಲ್ಲ. ಈ ಐದು ತಿಂಗಳಲ್ಲಿ ನಾನು ಒಂದು ಸಲವೂ ಬಾ ಎನ್ನಲಿಲ್ಲ. ಈಗ ಹೇಳುತ್ತಿದ್ದೇನೆ, ಬಾ.

ತಂಗಿ